ಸ್ಕ್ಯಾನ್ ಬರೆದುಕೊಟ್ಟ ಮೇಲೆ: ಕೊಡಗಿನ ಮನೆಗಳಿಗೊಂದು ಮಾರ್ಗದರ್ಶಿ

ಒಂದು ತಲೆಮಾರಿನ ಹಿಂದೆ ಕೊಡಗಿನಲ್ಲಿ ಯಾರಿಗಾದರೂ ಸಿಟಿ ಸ್ಕ್ಯಾನ್ ಬೇಕೆಂದರೆ ಗಾಡಿ ಮಾಡಿಕೊಂಡು ಮೈಸೂರಿಗೋ ಮಂಗಳೂರಿಗೋ ಹೋಗಬೇಕಿತ್ತು. ಈಗ ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲೇ ಸಿಟಿ ಯಂತ್ರವಿದೆ. 2016ರಲ್ಲಿ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾದ ಮೇಲೆ ಅದು ಬೋಧಕ ಆಸ್ಪತ್ರೆಯೂ ಆಗಿದೆ. ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರಗಳಲ್ಲಿ ಎಕ್ಸ್‌ರೇ ಮತ್ತು ಅಲ್ಟ್ರಾಸೌಂಡ್ ಮಾಡಿಸುವುದು ಕಷ್ಟದ ಕೆಲಸವಲ್ಲ. ಯಂತ್ರ ಹತ್ತಿರವಾದಷ್ಟೂ ಅದರ ಬಳಕೆ ಏರುತ್ತದೆ ಎಂಬುದು ಜಗತ್ತಿನ ಎಲ್ಲ ಕಡೆಯ ಅನುಭವ. ಅಮೆರಿಕದಲ್ಲಿ 1980ರಲ್ಲಿ ವರ್ಷಕ್ಕೆ ಸುಮಾರು 30 ಲಕ್ಷದಷ್ಟಿದ್ದ ಸಿಟಿ ಸ್ಕ್ಯಾನ್‌ಗಳು ಕಾಲು ಶತಮಾನದೊಳಗೆ 6 ಕೋಟಿ 20 ಲಕ್ಷ ದಾಟಿದವು, 2023ರ ಹೊತ್ತಿಗೆ ಸುಮಾರು 9 ಕೋಟಿ 30 ಲಕ್ಷವಾದವು. ವಿಕಿರಣದ ಪರಿಣಾಮಗಳನ್ನು ಅಧ್ಯಯನ ಮಾಡುವ ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿಯ ಅಂದಾಜಿನಂತೆ 2009ರಿಂದ 2018ರ ಅವಧಿಯಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 420 ಕೋಟಿ ವಿಕಿರಣ ಪರೀಕ್ಷೆಗಳು ನಡೆದಿವೆ. ಅವುಗಳಲ್ಲಿ ಸಿಟಿಯ ಪಾಲು ಹತ್ತರಲ್ಲಿ ಒಂದರಷ್ಟಾದರೂ, ಜನರ ಮೈಗೆ ಸೇರಿದ ಒಟ್ಟು ವೈದ್ಯಕೀಯ ವಿಕಿರಣದಲ್ಲಿ ಅದರ ಪಾಲು ನೂರಕ್ಕೆ ಅರವತ್ತಕ್ಕಿಂತ ಹೆಚ್ಚು.

ಈ ಏರಿಕೆ ತಪ್ಪೆಂದಾಗಲಿ ಸರಿಯೆಂದಾಗಲಿ ಒಂದೇ ಮಾತಿನಲ್ಲಿ ತೀರ್ಮಾನಿಸಲಾಗದು. ಬೇಕಾದವರಿಗೆ ಬೇಕಾದ ಗಳಿಗೆಯಲ್ಲಿ ಸ್ಕ್ಯಾನ್ ಸಿಗದಿರುವುದು, ಬೇಡದವರಿಗೆ ಎರಡೆರಡು ಬಾರಿ ಆಗುವುದು, ಇವೆರಡೂ ನಮ್ಮ ಜಿಲ್ಲೆಯಲ್ಲಿ ಒಟ್ಟಿಗೇ ಕಾಣುತ್ತವೆ. ಇದಕ್ಕೆ ಕೊಡಗಿನದೇ ಆದ ಇನ್ನೊಂದು ತೊಂದರೆಯನ್ನು ಸೇರಿಸಬೇಕು. ಇಲ್ಲಿನ ರೋಗಿ ಮಡಿಕೇರಿಯಲ್ಲಿ ತೋರಿಸಿ, ಅಲ್ಲಿಂದ ಮೈಸೂರಿಗೆ ಹೋಗಿ, ನೆಂಟರ ಸಲಹೆಯ ಮೇರೆಗೆ ಮಂಗಳೂರನ್ನೋ ಕಣ್ಣೂರನ್ನೋ ಕಂಡು ಬರುವಷ್ಟರಲ್ಲಿ ಅದೇ ಅಂಗದ ಅದೇ ಸ್ಕ್ಯಾನ್ ಮೂರು ಊರುಗಳಲ್ಲಿ ಆಗಿರುತ್ತದೆ. ಸ್ಕ್ಯಾನ್ ಮಾಡಿಸಿದ್ದಕ್ಕಿಂತ ಹೀಗೆ ಊರಿಂದೂರಿಗೆ ಮತ್ತೆ ಮಾಡಿಸುವುದರಲ್ಲೇ ಹಣವೂ ಸಮಯವೂ ಹೆಚ್ಚು ಪೋಲಾಗುತ್ತವೆ ಎಂಬುದು ನನ್ನ ಅಭಿಪ್ರಾಯ. ಮುಂದೆ ಹೇಳುವ ಹೆಚ್ಚಿನ ಮಾತುಗಳು ಈ ಪುನರಾವರ್ತನೆಯನ್ನು ತಡೆಯುವ ಬಗೆಗೇ ಇವೆ. ತುರ್ತಿನ ಸಂದರ್ಭದಲ್ಲಿ ಮಾತ್ರ ಸಲಹೆ ಬೇರೆ.

ಚೀಟಿ ಕೈಗೆ ಬಂದಾಗ

ವೈದ್ಯರು ಕೊಟ್ಟ ಚೀಟಿಯನ್ನು ಕೊಠಡಿಯಿಂದ ಹೊರಬರುವ ಮೊದಲೇ ಓದಿ. ಯಾವ ಯಂತ್ರ, ದೇಹದ ಯಾವ ಭಾಗ, ಡೈ ಇಂಜೆಕ್ಷನ್ (ಚಿತ್ರದಲ್ಲಿ ಅಂಗ, ರಕ್ತನಾಳಗಳು ಎದ್ದು ಕಾಣಲು ಕೊಡುವ ಔಷಧ) ಬೇಕೇ ಬೇಡವೇ, ಯಾವ ಸಂಶಯಕ್ಕಾಗಿ ಎಂಬ ನಾಲ್ಕು ವಿಷಯಗಳು ಅದರಲ್ಲಿ ಇರಬೇಕು. ಮೊದಲ ಮೂರು ಸಾಮಾನ್ಯವಾಗಿ ಇರುತ್ತವೆ, ನಾಲ್ಕನೆಯದು ಬಹಳ ಸಲ ಇರುವುದಿಲ್ಲ. ಚಿತ್ರವನ್ನು ಓದುವ ರೇಡಿಯಾಲಜಿಸ್ಟ್ ಅನೇಕ ಬಾರಿ ರೋಗಿಯ ಮುಖವನ್ನೇ ಕಂಡಿರುವುದಿಲ್ಲ. ಚಿತ್ರ ಅಂತರ್ಜಾಲದ ಮೂಲಕ ಬೇರೊಂದು ನಗರಕ್ಕೆ ಹೋಗಿ ಅಲ್ಲಿಂದ ರಿಪೋರ್ಟ್ ಬರುವ ಏರ್ಪಾಡು ಈಗ ಸಾಮಾನ್ಯವಾಗಿದೆ. ಕೇಂದ್ರ ಸರ್ಕಾರ 2015ರಲ್ಲಿ ಸಾರ್ವಜನಿಕ ಆಸ್ಪತ್ರೆಗಳ ಉಚಿತ ತಪಾಸಣಾ ಸೇವೆಗೆ ರೂಪಿಸಿದ ಮಾರ್ಗಸೂಚಿಯಲ್ಲೇ ಇಂಥ ದೂರ ವರದಿಯ ವ್ಯವಸ್ಥೆಗೂ ಜಿಲ್ಲಾ ಆಸ್ಪತ್ರೆಯ ಸಿಟಿ ಸೇವೆಗೂ ಜಾಗವಿದೆ. ‘ಹೊಟ್ಟೆನೋವು’ ಎಂದಷ್ಟೇ ಬರೆದ ಚೀಟಿಗೂ, ‘ಬಲ ಪಕ್ಕೆಯ ಕೆಳಗೆ ಮೂರು ದಿನದಿಂದ ನೋವು, ಜ್ವರ ಇದೆ, ಪಿತ್ತಕೋಶದಲ್ಲಿ ಕಲ್ಲಿನ ಸಂಶಯ’ ಎಂದು ಬರೆದ ಚೀಟಿಗೂ ಬರುವ ರಿಪೋರ್ಟಿನ ಗುಣದಲ್ಲಿ ಬಹಳ ಅಂತರವಿರುತ್ತದೆ.

ವೈದ್ಯರನ್ನು ಕೇಳಲು ಸಂಕೋಚ ಬೇಡ. ‘ಈ ಸ್ಕ್ಯಾನಿನಿಂದ ಯಾವ ಸಂಶಯ ಪರಿಹಾರ ಆಗಬೇಕು ಡಾಕ್ಟ್ರೇ? ಏನೇ ಬಂದರೂ ಔಷಧ ಇದೇ ಇರುತ್ತದೋ, ಬದಲಾಗುತ್ತದೋ?’ ಎಂದು ಮರ್ಯಾದೆಯಿಂದ ಕೇಳಿದರೆ ಬೇಸರಪಡುವ ವೈದ್ಯರು ಕಡಿಮೆ. ಫಲಿತಾಂಶ ಹೇಗೇ ಬಂದರೂ ಚಿಕಿತ್ಸೆ ಬದಲಾಗುವುದಿಲ್ಲವೆಂದಾದರೆ, ಕೆಲವು ವಾರ ಕಾಯಬಹುದೇ ಎಂಬ ಮುಂದಿನ ಪ್ರಶ್ನೆ ತಾನಾಗಿಯೇ ಬರುತ್ತದೆ. ಅದೇ ಭಾಗದ ಹಳೆಯ ಚಿತ್ರ ಮನೆಯಲ್ಲಿದ್ದರೆ ಅದನ್ನು ಈ ಹಂತದಲ್ಲಿಯೇ ಹೇಳಬೇಕು. ಹೊಸ ಸ್ಕ್ಯಾನ್ ಆದ ಮೇಲೆ ಹೇಳಿ ಪ್ರಯೋಜನ ಕಡಿಮೆ.

ಯಾವ ಯಂತ್ರ, ಎಷ್ಟು ವಿಕಿರಣ

ನಮ್ಮಲ್ಲಿ ಅಲ್ಟ್ರಾಸೌಂಡ್, ಸಿಟಿ, ಎಂಆರ್‌ಐ ಮೂರನ್ನೂ ‘ಸ್ಕ್ಯಾನಿಂಗ್’ ಎಂದೇ ಕರೆಯುವುದರಿಂದ ಯಾವುದು ಆಗಿತ್ತೆಂದು ಮನೆಯವರಿಗೇ ನೆನಪಿರುವುದಿಲ್ಲ. ಅಲ್ಟ್ರಾಸೌಂಡ್ ಶಬ್ದದ ಅಲೆಗಳಿಂದ ಚಿತ್ರ ತೆಗೆಯುತ್ತದೆ, ಎಂಆರ್‌ಐ ಬಲವಾದ ಅಯಸ್ಕಾಂತ ಮತ್ತು ರೇಡಿಯೊ ಅಲೆಗಳಿಂದ ತೆಗೆಯುತ್ತದೆ; ಎರಡರಲ್ಲೂ ಎಕ್ಸ್‌ರೇ ಬಗೆಯ ವಿಕಿರಣವಿಲ್ಲ. ಎಕ್ಸ್‌ರೇ, ಮ್ಯಾಮೊಗ್ರಫಿ (ಸ್ತನದ ಎಕ್ಸ್‌ರೇ) ಮತ್ತು ಸಿಟಿಯಲ್ಲಿ ಇದೆ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಯಂತ್ರ ಮೊದಲ ರೋಗಿಯ ಮೆದುಳನ್ನು ಪದರ ಪದರವಾಗಿ ತೋರಿಸಿದಂದಿನಿಂದ ಸಿಟಿ ಬಹಳ ಸುಧಾರಿಸಿದೆಯಾದರೂ, ಸುತ್ತಲಿಂದ ಎಕ್ಸ್‌ರೇ ಹಾಯಿಸಿ ಲೆಕ್ಕ ಹಾಕಿ ಚಿತ್ರ ಕಟ್ಟುವ ಅದರ ಮೂಲ ಕ್ರಮ ಬದಲಾಗಿಲ್ಲ. ಹಾಗಾಗಿ ಒಂದು ಸಾಮಾನ್ಯ ಎಕ್ಸ್‌ರೇಗಿಂತ ಅದರ ವಿಕಿರಣ ಹೆಚ್ಚೇ ಇರುತ್ತದೆ.

ಮಣ್ಣು, ಕಲ್ಲು, ಗಾಳಿ, ಆಕಾಶಗಳಿಂದ ಮನುಷ್ಯನಿಗೆ ಸಹಜವಾಗಿ ತಗಲುವ ವಿಕಿರಣ ಜಾಗತಿಕ ಸರಾಸರಿಯಲ್ಲಿ ವರ್ಷಕ್ಕೆ 2.4 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ). ಎದೆಯ ಒಂದು ಎಕ್ಸ್‌ರೇಯಿಂದ 0.1 ಅಥವಾ ಅದಕ್ಕೂ ಕಡಿಮೆ ಸೇರುತ್ತದೆ, ತಲೆಯ ಸಿಟಿಯಿಂದ ಸುಮಾರು 2, ಹೊಟ್ಟೆಯ ಸಿಟಿಯಿಂದ ಸುಮಾರು 8ರಿಂದ 10. ಯಂತ್ರದ ಹೊಂದಾಣಿಕೆ ಮತ್ತು ರೋಗಿಯ ಮೈಗಾತ್ರಕ್ಕೆ ತಕ್ಕಂತೆ ಇವು ಹಿಗ್ಗುತ್ತವೆ, ಕುಗ್ಗುತ್ತವೆ. ಕೋವಿಡ್‌ನ ಎರಡನೇ ಅಲೆಯಲ್ಲಿ ಈ ಹೊಂದಾಣಿಕೆಯ ವಿಚಾರವೇ ದೊಡ್ಡ ಗೊಂದಲಕ್ಕೆ ಕಾರಣವಾಯಿತು. 2021ರ ಮೇ ತಿಂಗಳಲ್ಲಿ ದೆಹಲಿಯ ಏಮ್ಸ್ ನಿರ್ದೇಶಕರಾಗಿದ್ದ ಡಾ. ರಣದೀಪ್ ಗುಲೇರಿಯಾ ಅವರು ಒಂದು ಸಿಟಿ 300ರಿಂದ 400 ಎದೆಯ ಎಕ್ಸ್‌ರೇಗಳಿಗೆ ಸಮವೆಂದು ಹೇಳಿ, ಸೌಮ್ಯ ಲಕ್ಷಣದವರು ಸಿಟಿಗೆ ಓಡಬಾರದೆಂದು ಎಚ್ಚರಿಸಿದರು. ಭಾರತೀಯ ರೇಡಿಯಾಲಜಿ ಮತ್ತು ಇಮೇಜಿಂಗ್ ಸಂಘ ಈಗಿನ ಕಡಿಮೆ ಪ್ರಮಾಣದ ಸಿಟಿಗೆ ಆ ಹೋಲಿಕೆ ಸಲ್ಲದೆಂದು ಆಕ್ಷೇಪಿಸಿತು. ಅಂಕಿಯ ಜಗಳವನ್ನು ಬದಿಗಿಟ್ಟರೆ, ಕೆಮ್ಮು ಬಂದವರೆಲ್ಲ ಸಿಟಿ ಮಾಡಿಸಿ, ಶ್ವಾಸಕೋಶಕ್ಕೆ ಸೋಂಕು ಹರಡಿದ ಪ್ರಮಾಣ 25ಕ್ಕೆ ಎಷ್ಟು ಸ್ಕೋರ್ ಎಂದು ಕೇಳಲು ಸಾಲು ನಿಂತ ಆ ದಿನಗಳಲ್ಲಿ ಗುಲೇರಿಯಾ ಅವರ ಸಲಹೆಯ ತಿರುಳು ಸರಿಯಾಗಿಯೇ ಇತ್ತು.

ಒಬ್ಬ ವಯಸ್ಕನಿಗೆ ಅಗತ್ಯವಿರುವ ಒಂದು ಸಿಟಿಯಿಂದ ಆಗಬಹುದಾದ ಹಾನಿ ತೀರ ಸಣ್ಣದು, ಅದಕ್ಕೆ ಹೆದರಿ ಸ್ಕ್ಯಾನ್ ಬಿಡಬಾರದು. ಮಕ್ಕಳ ವಿಷಯದಲ್ಲಿ ಮಾತ್ರ ಹೆಚ್ಚಿನ ಎಚ್ಚರ ಬೇಕು, ಅವರ ಬೆಳೆಯುವ ಅಂಗಾಂಶಗಳಿಗೆ ವಿಕಿರಣ ಹೆಚ್ಚು ತಾಗುತ್ತದೆ, ಮುಂದೆ ಬದುಕುವ ವರ್ಷಗಳೂ ಹೆಚ್ಚು. ಮಗುವಿನ ಸಿಟಿಯ ಮೊದಲು ‘ಮಕ್ಕಳ ಪ್ರಮಾಣಕ್ಕೆ ಯಂತ್ರವನ್ನು ಹೊಂದಿಸುತ್ತೀರಾ?’ ಎಂದು ತಂತ್ರಜ್ಞರನ್ನು ಕೇಳುವುದು ಪೋಷಕರ ಹಕ್ಕು. ಮಗುವನ್ನು ಹಿಡಿದುಕೊಳ್ಳಲು ಒಳಗೆ ಹೋಗುವವರು ಸೀಸದ ಏಪ್ರನ್ ಕೇಳಿ ಹಾಕಿಕೊಳ್ಳಬೇಕು, ಗರ್ಭಿಣಿಯರು ಆ ಕೆಲಸಕ್ಕೆ ಹೋಗಲೇಬಾರದು. ಎಕ್ಸ್‌ರೇ, ಸಿಟಿ ಯಂತ್ರ ನಡೆಸಲು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಅನುಮತಿ ಪತ್ರ ಎಲ್ಲಿದೆ ಎಂದು ಕೇಳಿದರೆ ತೋರಿಸಲು ಹಿಂಜರಿಯುವ ಕೇಂದ್ರಕ್ಕೆ ಹೋಗದಿರುವುದು ಮೇಲು.

ತಡ ಮಾಡಬಾರದ ಸಂದರ್ಭ

ಬಾಯಿ ಒಂದು ಕಡೆಗೆ ಓರೆಯಾದರೆ, ಒಂದು ಕೈಯಲ್ಲಿ ಬಲ ಹೋದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯುವಿನ ಲಕ್ಷಣ. ರಕ್ತನಾಳ ಕಟ್ಟಿಕೊಂಡಿದೆಯೋ ಒಡೆದು ರಕ್ತ ಸೋರುತ್ತಿದೆಯೋ ಎಂದು ಹೊರಗಿನಿಂದ ಯಾರೂ ಹೇಳಲಾರರು, ಸಾದಾ ಸಿಟಿ ಹೇಳುತ್ತದೆ. ರಕ್ತನಾಳ ಕಟ್ಟಿದ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ನನ್ನು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ರಕ್ತಸ್ರಾವವಿದ್ದರೆ ಕೊಡಲೇಬಾರದು. ಆದ್ದರಿಂದ ಬಿರುನಾಣಿ, ಕುಟ್ಟ, ಭಾಗಮಂಡಲದ ಕಡೆಯ ಮನೆಯವರು ಇಂಥ ಹೊತ್ತಿನಲ್ಲಿ ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಹಾಕಿಸಿಕೊಂಡು ಬೆಳಗಾಗಲಿ ಎಂದು ಕಾಯಬಾರದು. 108ಕ್ಕೆ ಕರೆ ಮಾಡಿ, ಸಿಟಿ ಇರುವ ಆಸ್ಪತ್ರೆಗೇ ನೇರವಾಗಿ ಹೊರಡಬೇಕು. ಗಾಡಿ ಹೊರಟ ಮೇಲೆ ಮನೆಯಲ್ಲಿ ಉಳಿದವರೊಬ್ಬರು ಆ ಆಸ್ಪತ್ರೆಗೆ ಫೋನ್ ಮಾಡಿ ಯಂತ್ರ ನಡೆಯುತ್ತಿದೆಯೇ, ತಂತ್ರಜ್ಞರು ಇದ್ದಾರೆಯೇ, ಗಡ್ಡೆ ಕರಗಿಸುವ ಇಂಜೆಕ್ಷನ್ ಸಿಗುತ್ತದೆಯೇ ಎಂದು ಕೇಳಿಕೊಳ್ಳಬೇಕು. ರೋಗಿ ಕೊನೆಯ ಬಾರಿ ಸರಿಯಾಗಿದ್ದುದನ್ನು ಎಷ್ಟು ಗಂಟೆಗೆ ನೋಡಿದಿರಿ ಎಂಬುದನ್ನು ಕಾಗದದಲ್ಲಿ ಬರೆದು ಜೊತೆಗೆ ಹೋಗುವವರ ಕೈಗೆ ಕೊಡಬೇಕು, ಆಸ್ಪತ್ರೆಯಲ್ಲಿ ಕೇಳುವ ಮೊದಲ ಪ್ರಶ್ನೆಯೇ ಅದು. ಮಳೆಗಾಲದಲ್ಲಿ ಮರ ಬಿದ್ದು, ಗುಡ್ಡ ಜರಿದು ರಸ್ತೆ ಮುಚ್ಚುವುದು ಇಲ್ಲಿ ಹೊಸತಲ್ಲ; 2018ರ ಆಗಸ್ಟ್‌ನಲ್ಲಿ ಸಂಪಾಜೆ ಘಾಟಿಯೇ ಬಂದಾದಾಗ ಮಂಗಳೂರಿನ ಕಡೆಯ ದಾರಿ ಕಡಿದುಹೋಗಿತ್ತು. ಮನೆಯಲ್ಲಿ ರಕ್ತದೊತ್ತಡದ ಹಿರಿಯರಿದ್ದರೆ ಜೂನ್‌ಗೆ ಮೊದಲೇ ಯಾವ ಹೊತ್ತಿಗೆ ಎಲ್ಲಿಗೆ ಎಂದು ಎರಡು ದಾರಿಗಳನ್ನು ಯೋಚಿಸಿಟ್ಟುಕೊಳ್ಳುವುದು ಒಳ್ಳೆಯದು.

ತಲೆಯ ಪೆಟ್ಟು ಎರಡನೆಯ ತುರ್ತು. ಕರಿಮೆಣಸು ಕೊಯ್ಯುವಾಗ ಏಣಿಯಿಂದ, ಮರಕಪಾತಿನಲ್ಲಿ (ನೆರಳು ಮರದ ಕೊಂಬೆ ಕಡಿಯುವಾಗ) ಕೊಂಬೆಯಿಂದ ಬೀಳುವುದು ತೋಟಗಳಲ್ಲಿ ವರ್ಷವೂ ನಡೆಯುತ್ತದೆ. ಬಿದ್ದವರು ಕ್ಷಣಕಾಲ ಎಚ್ಚರ ತಪ್ಪಿದ್ದರೆ, ಏನಾಯಿತೆಂದು ನೆನಪಿಲ್ಲದಿದ್ದರೆ ಅಥವಾ ಗೊಂದಲದಲ್ಲಿದ್ದರೆ, ಅದರೊಂದಿಗೆ ಎರಡು ಬಾರಿ ವಾಂತಿ, 65 ದಾಟಿದ ವಯಸ್ಸು, ಮೂರು ಅಡಿಗಿಂತ ಎತ್ತರದಿಂದ ಬಿದ್ದದ್ದು, ಇವುಗಳಲ್ಲಿ ಒಂದಿದ್ದರೂ ವೈದ್ಯರು ಸಿಟಿಯ ಕಡೆಗೆ ಯೋಚಿಸುತ್ತಾರೆ. 2001ರಲ್ಲಿ ಕೆನಡಾದಲ್ಲಿ ರೂಪುಗೊಂಡ ನಿಯಮದ ಸಾರವೂ ಇದೇ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ವಿಷಯ ಇನ್ನೂ ಗಂಭೀರ, ಅದನ್ನು ಮೊದಲ ಮಾತಿನಲ್ಲೇ ತಿಳಿಸಬೇಕು. ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ‘ಮಲಗಿದರೆ ಸರಿಹೋಗುತ್ತದೆ’ ಎಂದು ಬಿಟ್ಟ ಪೆಟ್ಟುಗಳು ಮರುದಿನ ಕೈಮೀರಬಹುದು, ಆದ್ದರಿಂದ ಕೆಲಸಗಾರನನ್ನು ಕಳುಹಿಸುವ ಹೊಣೆ ಮೇಸ್ತ್ರಿಯ ಮೇಲೂ ಮಾಲೀಕರ ಮೇಲೂ ಇದೆ. ಆಟವಾಡುವಾಗ ಸಣ್ಣದಾಗಿ ತಲೆ ತಗಲಿಸಿಕೊಂಡು ಚೆನ್ನಾಗಿಯೇ ಓಡಾಡುತ್ತಿರುವ ಮಗುವನ್ನು ಮಾತ್ರ ವೈದ್ಯರು ಕೆಲವು ಗಂಟೆ ಕಣ್ಣಿಟ್ಟು ನೋಡೋಣವೆಂದರೆ, ‘ಸ್ಕ್ಯಾನ್ ಮಾಡಿಯೇಬಿಡಿ’ ಎಂದು ಒತ್ತಾಯಿಸಬಾರದು.

ಕಾಯಬಹುದಾದ ಸಂದರ್ಭ

ಸೊಂಟನೋವಿಗೆ ಎಂಆರ್‌ಐ ಬೇಕೆಂದು ರೋಗಿಗಳೇ ಕೇಳುವುದು ಹೆಚ್ಚಾಗಿದೆ. ಕಾಫಿ ಕುಯ್ಲು, ನಾಟಿ, ಚೀಲ ಹೊರುವ ಕೆಲಸಗಳ ನಡುವೆ ಬರುವ ಸೊಂಟನೋವು ಬಹುಪಾಲು ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಮೊದಲ ಆರು ವಾರಗಳಲ್ಲಿ ಚಿತ್ರ ತೆಗೆಸಿದ್ದರಿಂದ ಗುಣವಾಗುವುದು ಬೇಗವಾಗುವುದಿಲ್ಲ. ಚಿತ್ರದಲ್ಲಿ ಏನೂ ಕಾಣಿಸುವುದಿಲ್ಲವೆಂಬುದು ಇದಕ್ಕೆ ಕಾರಣವಲ್ಲ, ತೀರ ಹೆಚ್ಚು ಕಾಣಿಸುತ್ತದೆ. ಯಾವ ನೋವೂ ಇಲ್ಲದವರ ಬೆನ್ನಿನ ಚಿತ್ರಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಮರ್ಶೆಯೊಂದು, ಇಪ್ಪತ್ತರ ಪ್ರಾಯದವರಲ್ಲೇ ನೂರಕ್ಕೆ 37 ಮಂದಿಗೆ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಸವೆತವಿರುವುದನ್ನೂ, ಎಂಬತ್ತರವರಲ್ಲಿ ಅದು 96ಕ್ಕೆ ಏರುವುದನ್ನೂ ತೋರಿಸಿತು. ಹೀಗಿರುವಾಗ ನೋವಿರುವವರ ರಿಪೋರ್ಟಿನಲ್ಲಿ ‘ಡಿಸ್ಕ್ ಸವೆದಿದೆ’ ಎಂದು ಕಂಡ ಮಾತ್ರಕ್ಕೆ ನೋವಿನ ಮೂಲ ಅದೇ ಎನ್ನಲಾಗದು, ಶಸ್ತ್ರಚಿಕಿತ್ಸೆಯ ಭಯ ಮಾತ್ರ ಮನೆಯೊಳಗೆ ಬಂದು ಕೂರುತ್ತದೆ. ಕಾಲಿನ ಬಲ ಕುಗ್ಗುತ್ತಿದ್ದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ, ಎತ್ತರದಿಂದ ಬಿದ್ದಿದ್ದರೆ ಈ ಕಾಯುವ ಮಾತು ಅನ್ವಯಿಸುವುದಿಲ್ಲ, ತಕ್ಷಣ ತೋರಿಸಬೇಕು.

ರೋಗವಿಲ್ಲದವರು ‘ಒಮ್ಮೆ ಎಲ್ಲ ನೋಡಿಬಿಡೋಣ’ ಎಂದು ಮಾಡಿಸುವ ಪ್ಯಾಕೇಜ್‌ಗಳ ಬಗ್ಗೆ ದಕ್ಷಿಣ ಕೊರಿಯಾದ ಅನುಭವವನ್ನು ತಿಳಿದಿರಬೇಕು. ಅಲ್ಲಿ ಆರೋಗ್ಯ ತಪಾಸಣೆಯೊಂದಿಗೆ ಥೈರಾಯ್ಡ್ ಅಲ್ಟ್ರಾಸೌಂಡನ್ನೂ ಸೇರಿಸುವ ರೂಢಿ ಹರಡಿದ ಮೇಲೆ 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ರದ್ದಕ್ಕಿಂತ 15 ಪಟ್ಟಾಯಿತು, ಆದರೆ ಆ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ ಬದಲಾಗಲಿಲ್ಲ. ಎಂದೂ ತೊಂದರೆ ಕೊಡದೆ ಇರುತ್ತಿದ್ದ ಸಣ್ಣ ಗಂಟುಗಳಿಗಾಗಿ ಸಾವಿರಾರು ಜನ ಗ್ರಂಥಿಯನ್ನೇ ತೆಗೆಸಿಕೊಂಡು ಜೀವಮಾನವಿಡೀ ಮಾತ್ರೆಗೆ ಒಳಗಾದರು. ಲಕ್ಷಣವಿಲ್ಲದವರ ಇಡೀ ದೇಹದ ಸ್ಕ್ಯಾನಿಗೆ ಹಬ್ಬದ ರಿಯಾಯಿತಿ ಕೊಡುವ ಜಾಹೀರಾತುಗಳನ್ನು ಕಂಡಾಗ ನನಗೆ ನೆನಪಾಗುವುದು ಈ ಅಂಕಿ. ವಯಸ್ಸಿಗೆ ತಕ್ಕ ಮ್ಯಾಮೊಗ್ರಫಿಯಂಥ ಸ್ಥಾಪಿತ ತಪಾಸಣೆಗಳನ್ನು ಇದರೊಂದಿಗೆ ಬೆರೆಸಬಾರದು, ಅವುಗಳ ವಿಚಾರವನ್ನು ವೈದ್ಯರೊಂದಿಗೆ ಪ್ರತ್ಯೇಕವಾಗಿ ಮಾತನಾಡಬೇಕು.

ಗರ್ಭಿಣಿಯರ ಸ್ಕ್ಯಾನ್

ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಶಿಫಾರಸು ಮಾಡಿದ್ದು 24 ವಾರಗಳ ಮೊದಲು ಒಂದು ಅಲ್ಟ್ರಾಸೌಂಡ್. ನಮ್ಮಲ್ಲಿ 11ರಿಂದ 14ನೇ ವಾರದೊಳಗೆ ಒಂದನ್ನೂ, 18ರಿಂದ 20ನೇ ವಾರದ ಆಸುಪಾಸಿನಲ್ಲಿ ಮಗುವಿನ ಅಂಗಾಂಗ ನೋಡುವ ಇನ್ನೊಂದನ್ನೂ ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ಎರಡನೆಯದನ್ನು ತಪ್ಪಿಸಬಾರದು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆಗೆ ಆಶಾ ಕಾರ್ಯಕರ್ತೆಯರ ಮೂಲಕ ಹೆಸರು ಬರೆಸಿದರೆ, ಹಾಡಿ (ಬುಡಕಟ್ಟು ಜನರ ವಸತಿ) ಮತ್ತು ಲೈನ್ ಮನೆಗಳ ಮಹಿಳೆಯರಿಗೂ ಈ ಸೇವೆ ಸಿಗುವ ದಾರಿಯಾಗುತ್ತದೆ. ಭ್ರೂಣದ ಲಿಂಗ ಕೇಳುವುದೂ ಹೇಳುವುದೂ 1994ರ ಕಾಯ್ದೆಯಡಿ ಅಪರಾಧ, ಸನ್ನೆಯಲ್ಲಿ ಹೇಳಿದರೂ ಅಪರಾಧವೇ.

ಹೊರಡುವ ಮೊದಲು

ಪಿತ್ತಕೋಶ ನೋಡುವ ಹೊಟ್ಟೆಯ ಅಲ್ಟ್ರಾಸೌಂಡಿಗೆ ಸಾಮಾನ್ಯವಾಗಿ ಆರು ಗಂಟೆ ಉಪವಾಸವಿರಬೇಕು, ಕೆಳಹೊಟ್ಟೆಯದಕ್ಕೆ ಮೂತ್ರಕೋಶ ತುಂಬಿರಬೇಕು. ಈ ಎರಡೂ ಸೂಚನೆಗಳು ನಗರದ ಜನರಿಗಾಗಿ ಬರೆದಂತಿವೆ. ಸೋಮವಾರಪೇಟೆಯ ಆಚೆಯಿಂದ ತಿರುವು ರಸ್ತೆಯಲ್ಲಿ ಬರುವವರು ಮನೆಯಲ್ಲೇ ನೀರು ಕುಡಿದು ಹೊರಟರೆ ದಾರಿಯಲ್ಲಿ ಪಡುವ ಪಾಡು ಬೇರೆ. ನೀರಿನ ಬಾಟಲಿ ಜೊತೆಗಿಟ್ಟುಕೊಂಡು, ಕೇಂದ್ರಕ್ಕೆ ತಲುಪಿ ಸರದಿ ಎಷ್ಟನೆಯದೆಂದು ತಿಳಿದ ಮೇಲೆ ಕುಡಿಯಿರಿ. ಸಕ್ಕರೆ ಕಾಯಿಲೆಯವರು ಉಪವಾಸದಲ್ಲಿ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಂಡು ಎರಡು ಗಂಟೆ ಪ್ರಯಾಣ ಮಾಡಿದರೆ ಸಕ್ಕರೆ ಕುಸಿಯುವ ಅಪಾಯವಿದೆ. ಬೆಳಗಿನ ಮೊದಲ ಸರದಿ ಕೇಳಿ, ಅಂದಿನ ಔಷಧ ಹೇಗೆಂದು ಮುಂಚೆಯೇ ವೈದ್ಯರಿಂದ ತಿಳಿದುಕೊಂಡು ಹೊರಡಬೇಕು.

ಡೈ ಇಂಜೆಕ್ಷನ್ ಇರುವ ಸಿಟಿಗೆ ಮೊದಲು ಕ್ರಿಯಾಟಿನಿನ್ ಎಂಬ ರಕ್ತಪರೀಕ್ಷೆ ಕೇಳುತ್ತಾರೆ, ಮೂತ್ರಪಿಂಡ ಚೆನ್ನಾಗಿದೆಯೇ ಎಂದು ನೋಡಲು. ಅದನ್ನು ಹತ್ತಿರದ ಪ್ರಯೋಗಾಲಯದಲ್ಲಿ ಮುನ್ನಾದಿನವೇ ಮಾಡಿಸಿ ಕೊಂಡೊಯ್ದರೆ ಮೈಸೂರಿನಲ್ಲಿ ಅರ್ಧ ದಿನ ಉಳಿಯುತ್ತದೆ. ಹಿಂದೆ ಡೈಯಿಂದ ಮೈಮೇಲೆ ಗಂದೆ ಎದ್ದಿದ್ದರೆ, ಉಸಿರು ಕಟ್ಟಿದ್ದರೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ನಡೆಯುತ್ತಿದ್ದರೆ ಮೊದಲೇ ಹೇಳಬೇಕು.

ಎಂಆರ್‌ಐ ವಿಚಾರದಲ್ಲಿ ಕೊಡಗಿನವರು ಹೇಳಲೇಬೇಕಾದ ಸಂಗತಿಗಳು ಕೆಲವಿವೆ. ಆ ಯಂತ್ರದ ಅಯಸ್ಕಾಂತ ಸದಾ ಚಾಲೂ ಇರುತ್ತದೆ, ಸ್ವಿಚ್ ಆರಿಸಿದರೆ ನಿಲ್ಲುವಂಥದ್ದಲ್ಲ. ಪೇಸ್‌ಮೇಕರ್, ಕಿವಿಯೊಳಗಿನ ಶ್ರವಣ ಸಾಧನ, ಮೆದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಮೂಳೆಯ ರಾಡ್ ಇವೆಲ್ಲವನ್ನೂ ಎಲ್ಲರೂ ಹೇಳುತ್ತಾರೆ. ಆದರೆ ಸೇನೆಯಲ್ಲಿದ್ದು ಗುಂಡಿನ ಅಥವಾ ಸಿಡಿತದ ಚೂರು ಮೈಯಲ್ಲೇ ಉಳಿದವರು, ಕೋವಿಯ ಚಿಲ್ಲು ಎಂದೋ ತಗುಲಿ ಒಳಗೇ ಉಳಿಸಿಕೊಂಡವರು, ವೆಲ್ಡಿಂಗ್ ಅಥವಾ ಕಳೆ ಕತ್ತರಿಸುವ ಯಂತ್ರದ ಕೆಲಸದಲ್ಲಿ ಕಣ್ಣಿಗೆ ಲೋಹದ ಚೂರು ಹಾರಿಸಿಕೊಂಡವರು ಅದನ್ನು ಹಳೆಯ ಮಾತೆಂದು ಬಿಟ್ಟುಬಿಡುತ್ತಾರೆ. ಉಕ್ಕಿನ ಚೂರು ಅಯಸ್ಕಾಂತದೊಳಗೆ ಸರಿದಾಡಬಹುದು, ಕಣ್ಣಿನಲ್ಲಿದ್ದರೆ ದೃಷ್ಟಿಯೇ ಹೋಗಬಹುದು. ಸಂಶಯವಿದ್ದರೆ ಮೊದಲು ಎಕ್ಸ್‌ರೇ ತೆಗೆದು ನೋಡುತ್ತಾರೆ. ಒಡವೆಗಳನ್ನು ಮನೆಯಲ್ಲೇ ತೆಗೆದಿಟ್ಟು ಹೋಗುವುದು ಉತ್ತಮ, ಕೇಂದ್ರದಲ್ಲಿ ಬಿಚ್ಚಿ ಯಾರ ಕೈಗೋ ಕೊಟ್ಟು ಹುಡುಕುವ ತಾಪತ್ರಯ ಬೇಡ.

ಖರ್ಚಿನ ಬಗ್ಗೆ ಹೇಳಬೇಕಾದ್ದು ಸ್ವಲ್ಪವೇ. ಬಿಪಿಎಲ್ ಚೀಟಿಯವರೂ ಇತರರೂ ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಲಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಹೊರಗೆ ಕಳುಹಿಸುವುದಾದರೆ ಅಲ್ಲಿಂದಲೇ ಶಿಫಾರಸು ಪಡೆಯಲಿ. ಮಾಜಿ ಸೈನಿಕರ ಕುಟುಂಬದವರು ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್ಕಿನ ಶಿಫಾರಸು ಪತ್ರವಿಲ್ಲದೆ ಹೋದರೆ, ತುರ್ತು ಸಂದರ್ಭವಲ್ಲದಿದ್ದರೆ, ಖರ್ಚು ತಮ್ಮ ಕೈಯಿಂದಲೇ ಹೋಗುವುದು ಹೆಚ್ಚು. ಖಾಸಗಿ ಕೇಂದ್ರಗಳು ದರಪಟ್ಟಿಯನ್ನು ಕಾಣುವಂತೆ ಹಾಕಬೇಕೆಂದು ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಹೇಳುತ್ತದೆ, ದೂರಿದ್ದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರದ ಮುಂದೆ ಇಡಬಹುದು. ರೋಗಿಯನ್ನು ಕಳುಹಿಸಿದ್ದಕ್ಕೆ ವೈದ್ಯರು ಕಮಿಷನ್ ಪಡೆಯುವುದು ವೃತ್ತಿನಿಯಮದಂತೆ ನಿಷಿದ್ಧ. ‘ಇದೇ ಕೇಂದ್ರಕ್ಕೆ ಹೋಗಬೇಕು’ ಎಂಬ ಒತ್ತಾಯಕ್ಕೆ ಕಾರಣ ಕೇಳುವುದು ತಪ್ಪಲ್ಲ. ಕಾರಣ ಕೆಲವೊಮ್ಮೆ ಒಳ್ಳೆಯ ಯಂತ್ರವೇ ಆಗಿರುತ್ತದೆ ಎಂಬುದನ್ನೂ ನೆನಪಿಡಬೇಕು.

ಚಿತ್ರಗಳನ್ನು ಕಾಪಾಡುವುದು

ಸ್ಕ್ಯಾನ್ ಮುಗಿದ ಮೇಲೆ ಕೇಂದ್ರದಿಂದ ಮೂರು ವಸ್ತುಗಳನ್ನು ಕೇಳಿ ಪಡೆಯಬೇಕು: ರಿಪೋರ್ಟ್, ಫಿಲ್ಮ್ ಮತ್ತು ಮೂಲ ಚಿತ್ರಗಳಿರುವ ಸಿಡಿ ಅಥವಾ ಪೆನ್‌ಡ್ರೈವ್. ಹೆಚ್ಚಿನವರು ಮೊದಲ ಎರಡರೊಂದಿಗೆ ಹೊರಟುಬಿಡುತ್ತಾರೆ. ಸಿಟಿ ಮತ್ತು ಎಂಆರ್‌ಐಯಲ್ಲಿ ನೂರಾರು ಪದರಗಳಿರುತ್ತವೆ, ಫಿಲ್ಮಿನಲ್ಲಿ ಮುದ್ರಿಸುವುದು ಆಯ್ದ ಕೆಲವನ್ನು ಮಾತ್ರ. ಮುಂದಿನ ಊರಿನ ತಜ್ಞರಿಗೆ ಬೇಕಾದ ಪದರ ಅದರಲ್ಲಿ ಇಲ್ಲದಿದ್ದರೆ ಅವರು ಮತ್ತೆ ಸ್ಕ್ಯಾನ್ ಬರೆಯುವುದರಲ್ಲಿ ತಪ್ಪೇನೂ ಇಲ್ಲ. ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ತೆಗೆದ ಫಿಲ್ಮಿನ ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ ಅಭಿಪ್ರಾಯ ಕೇಳುವುದು ಇನ್ನೂ ನಿರುಪಯುಕ್ತ. ಕೇಂದ್ರದವರು ಲಿಂಕ್ ಕಳುಹಿಸಿದರೆ ಅದರ ಅವಧಿ ಎಷ್ಟೆಂದು ಕೇಳಿ, ಮುಗಿಯುವ ಮೊದಲೇ ಇಳಿಸಿಟ್ಟುಕೊಳ್ಳಬೇಕು. ಸಿಡಿಯನ್ನು ಮನೆಗೆ ಬಂದ ವಾರದೊಳಗೆ ಒಮ್ಮೆ ತೆರೆದು ನೋಡಿ, ಖಾಲಿ ಸಿಡಿಗಳು ಬರುವುದುಂಟು. ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದವರು ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ವೃತ್ತಿ ನಿಯಮಾವಳಿಯಲ್ಲಿದೆ.

ಇನ್ನು ನಮ್ಮ ಮಳೆಗಾಲದ ತೇವ. ಒಂದರ ಮೇಲೊಂದು ಒತ್ತಿಟ್ಟ ಫಿಲ್ಮ್‌ಗಳು ಅಂಟಿಕೊಳ್ಳುತ್ತವೆ, ಸಿಡಿಯ ಮೇಲೆ ಬೂಷ್ಟು ಹಿಡಿಯುತ್ತದೆ. ತೇವಕ್ಕೆ ಹೆದರಿ ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಬಿಸಿಗೆ ಈಗಿನ ಫಿಲ್ಮ್‌ಗಳು ಕಪ್ಪಾಗುತ್ತವೆ, ಬಿಸಿಲಲ್ಲಿ ನಿಲ್ಲಿಸಿದ ಜೀಪಿನಲ್ಲಿ ಬಿಟ್ಟರೂ ಹಾಗೆಯೇ. ಪ್ರತಿಯೊಂದು ಫಿಲ್ಮನ್ನೂ ಅದರ ಕಾಗದದ ಚೀಲದಲ್ಲಿಟ್ಟು, ಬಟ್ಟೆಯ ಕಪಾಟಿನ ಒಣ ಜಾಗದಲ್ಲಿ ನಿಲ್ಲಿಸಿಡಿ. ಚಿತ್ರಗಳ ಇನ್ನೊಂದು ಪ್ರತಿ ಮನೆಯ ಬೇರೊಬ್ಬರ ಕಂಪ್ಯೂಟರಿನಲ್ಲೋ ಬೆಂಗಳೂರಿನಲ್ಲಿರುವ ಮಕ್ಕಳ ಬಳಿಯೋ ಇರಲಿ. ಕೇಂದ್ರ ಸರ್ಕಾರದ ಆರೋಗ್ಯ ಗುರುತಾದ 14 ಅಂಕಿಗಳ ಆಭಾ ಸಂಖ್ಯೆ ಮಾಡಿಸಿಕೊಂಡವರು ರಿಪೋರ್ಟನ್ನು ಅದಕ್ಕೆ ಜೋಡಿಸಿಡಬಹುದು. ಇವೆಲ್ಲದರ ಜೊತೆಗೆ ಒಂದು ಸಣ್ಣ ಪುಸ್ತಕದಲ್ಲಿ ದಿನಾಂಕ, ಊರು, ಯಂತ್ರ, ದೇಹದ ಭಾಗ, ಡೈ ಕೊಟ್ಟರೋ ಇಲ್ಲವೋ, ಅದರಿಂದ ತೊಂದರೆಯಾಯಿತೋ ಎಂಬಷ್ಟನ್ನು ಬರೆದಿಟ್ಟರೆ ಹೊಸ ವೈದ್ಯರ ಮುಂದೆ ಹತ್ತು ನಿಮಿಷ ಉಳಿಯುತ್ತದೆ.

ರಿಪೋರ್ಟ್ ಬಂದ ಮೇಲೆ

ರಿಪೋರ್ಟಿನ ಕೊನೆಯಲ್ಲಿರುವ ‘ಇಂಪ್ರೆಷನ್’ (ಒಟ್ಟು ಅಭಿಪ್ರಾಯ) ಭಾಗವೇ ಮುಖ್ಯ, ಅದಕ್ಕೆ ಮೊದಲಿನದು ಕಂಡದ್ದೆಲ್ಲದರ ವಿವರಣೆ. ಹುಡುಕಲು ಹೋದದ್ದು ಒಂದು, ಸಿಕ್ಕಿದ್ದು ಇನ್ನೊಂದು ಎಂಬುದು ಸೂಕ್ಷ್ಮ ಯಂತ್ರಗಳ ಕಾಲದಲ್ಲಿ ದಿನನಿತ್ಯದ ಸಂಗತಿ: ಮೂತ್ರಪಿಂಡದಲ್ಲಿ ಸಾದಾ ನೀರುಗುಳ್ಳೆ, ಶ್ವಾಸಕೋಶದಲ್ಲಿ ಸಣ್ಣ ಗಂಟು. ಅಪಾಯದ ಹಿನ್ನೆಲೆಯಿಲ್ಲದ ವಯಸ್ಕರಲ್ಲಿ 6 ಮಿಲಿಮೀಟರಿಗಿಂತ ಸಣ್ಣ ಗಟ್ಟಿ ಗಂಟಿಗೆ ಸಾಮಾನ್ಯವಾಗಿ ಮರುಸ್ಕ್ಯಾನ್ ಬೇಡವೆಂದು 2017ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಬೀಡಿ ಸಿಗರೇಟು ಸೇದುವವರಿಗೆ ಆ ಮಾತು ಹಾಗೆಯೇ ಅನ್ವಯಿಸದು. ಮರುಪರೀಕ್ಷೆ ಬೇಕೆಂದಿದ್ದರೆ ತಿಂಗಳನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ, ಹಳೆಯ ಸಿಡಿಯೊಂದಿಗೇ ಹೋಗಬೇಕು, ಗಂಟು ಬೆಳೆದಿದೆಯೇ ಇಲ್ಲವೇ ಎಂಬುದು ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟಾಗಲೇ ತಿಳಿಯುವುದು.

ರಿಪೋರ್ಟಿನ ಬಗ್ಗೆ ಸಂಶಯವಿದ್ದರೆ ಬೇರೆ ಊರಿನಲ್ಲಿ ಹೊಸ ಸ್ಕ್ಯಾನ್ ಮಾಡಿಸುವುದಕ್ಕಿಂತ, ಅದೇ ಚಿತ್ರಗಳನ್ನು ಇನ್ನೊಬ್ಬ ರೇಡಿಯಾಲಜಿಸ್ಟ್ ಓದಲಿ ಎಂದು ಕೇಳಿ. ವಿಕಿರಣವಿಲ್ಲ, ಪ್ರಯಾಣವಿಲ್ಲ, ಖರ್ಚೂ ಕಡಿಮೆ. ಈ ಅನುಕೂಲ ಇದೆಯೆಂದು ರೋಗಿಗಳಿಗೆ ಯಾರೂ ಹೇಳದಿರುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲೋ ಪಂಚಾಯಿತಿಯಲ್ಲೋ ಇರುವವರು ಜಿಲ್ಲೆಯ ಸ್ಕ್ಯಾನ್ ಬಳಕೆ ಎತ್ತ ಸಾಗುತ್ತಿದೆ ಎಂದು ತಿಳಿಯಬಯಸಿದರೆ, ಒಟ್ಟು ಸಂಖ್ಯೆಯೊಂದನ್ನೇ ಕೇಳಿದರೆ ಸಾಲದು. 2011ರ ಜನಗಣತಿಯಂತೆ 5,54,519 ಜನರಿರುವ ಈ ಜಿಲ್ಲೆಗೆ ಪ್ರವಾಸಿಗರೂ ಕುಯ್ಲಿನ ಕಾಲದ ವಲಸೆ ಕಾರ್ಮಿಕರೂ ಬಂದು ಹೋಗುವುದರಿಂದ, ಜನಸಂಖ್ಯೆಯಿಂದ ಭಾಗಿಸಿದ ಲೆಕ್ಕ ದಾರಿ ತಪ್ಪಿಸುತ್ತದೆ; ಇತ್ತ ಮೈಸೂರು, ಮಂಗಳೂರುಗಳಲ್ಲಿ ನಮ್ಮವರು ಮಾಡಿಸಿದ್ದು ಇಲ್ಲಿಯ ಪುಸ್ತಕಕ್ಕೆ ಬರುವುದೇ ಇಲ್ಲ. ಯಂತ್ರವಾರು, ತಿಂಗಳುವಾರು ಲೆಕ್ಕ ಕೇಳಿ. ಯಂತ್ರ ಕೆಟ್ಟು ನಿಂತ ದಿನಗಳೆಷ್ಟು, ರಾತ್ರಿ ಬಂದ ಪಾರ್ಶ್ವವಾಯುವಿನ ರೋಗಿಗೆ ಬಾಗಿಲಿನಿಂದ ಸಿಟಿ ಮೇಜಿನವರೆಗೆ ಹಿಡಿದ ಸಮಯವೆಷ್ಟು, ಹೊರಜಿಲ್ಲೆಗೆ ಕಳುಹಿಸಿದವರೆಷ್ಟು ಎಂಬುದನ್ನು ಪ್ರತ್ಯೇಕವಾಗಿ ಕೇಳಿ. ಮಾಹಿತಿ ಹಕ್ಕಿನ ಅರ್ಜಿಯಲ್ಲೂ ಇವನ್ನು ಕೇಳಲು ಅಡ್ಡಿಯಿಲ್ಲ. ಚೀಟಿಯ ಮೇಲೆ ‘ಹಿಂದಿನ ಸ್ಕ್ಯಾನ್ ಎಲ್ಲಿ, ಯಾವಾಗ’ ಎಂಬ ಒಂದು ಸಾಲನ್ನು ಅಚ್ಚು ಹಾಕಿಸಿ ತುಂಬಿಸತೊಡಗಿದರೆ, ಹಳೆಯ ಚಿತ್ರ ಸಿಗದ ಕಾರಣಕ್ಕೆ ಮತ್ತೆ ಮಾಡಿದವು ಎಷ್ಟೆಂಬ ಲೆಕ್ಕವೂ ವರ್ಷದ ಕೊನೆಗೆ ಸಮಿತಿಯ ಮುಂದೆ ಬರುತ್ತದೆ.